ಕಾರ್ನ್‌ವಾಲಿಸ್ ಸಾಹೇಬನ ಕತ್ತಿ

ಶ್ರೀರಂಗಪಟ್ಟಣದಲ್ಲಿ ಮೂವತ್ತೊಂದು ವರ್ಷ ಗೈಡಾಗಿದ್ದ ವಾಹಿದ್ ಬದುಕಿನಲ್ಲಿ ದ್ವೇಷಿಸಿದ್ದು ಒಬ್ಬನೇ ಒಬ್ಬನನ್ನು. ಅವನೂ ಸತ್ತು ಇನ್ನೂರು ವರ್ಷ ದಾಟಿತ್ತು. ಲಾರ್ಡ್ ಕಾರ್ನ್‌ವಾಲಿಸ್, ಕೋಟೆಗೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದವನು. ಆ ಕತೆಯನ್ನು ದಿನಕ್ಕೆ ಆರು ಸಲ ಹೇಳಿದರೂ ಆರನೆಯ ಸಲವೂ ವಾಹಿದ್ ಅವನಿಗೆ ಹೊಸದಾಗಿ ಶಾಪ ಹಾಕುತ್ತಿದ್ದರು. ಕೇಳಿದ ಪ್ರವಾಸಿಗರು ಮಾತ್ರ ಶೌಚಾಲಯ ಎಲ್ಲಿದೆ ಎನ್ನುತ್ತಿದ್ದರು.

ಹೆಂಡತಿ ತೀರಿಕೊಂಡ ಮೇಲೆ ಮಗಳು ಲುಬ್ನಾ ಅವರನ್ನು ಅಮೆರಿಕದ ಯೂನಿಯನ್ ಸಿಟಿಯ ತನ್ನ ಮನೆಗೆ ಕರೆಸಿಕೊಂಡಳು. ಇಲ್ಲಿ ಗೈಡಿಗೆ ತೋರಿಸಲು ಏನಿತ್ತು? ಗ್ರೋಸರಿ ಅಂಗಡಿ, ಬಾರ್ಟ್ ರೈಲಿನ ಸ್ಟೇಷನ್ನು. ಆರು ತಿಂಗಳು ಬಾಯಿಗೆ ಬೀಗ. ಅಷ್ಟರಲ್ಲಿ ಸೀನಿಯರ್ ಸೆಂಟರಿನ ಕನ್ನಡದ ಹಿರಿಯರು ಜುಲೈ ನಾಲ್ಕಕ್ಕೆ, ಅಮೆರಿಕದ ಸ್ವಾತಂತ್ರ್ಯ ದಿನಕ್ಕೆ, ನಾಟಕ ಆಡಲು ಹೊರಟರು. ಇಲ್ಲಿಯವರಿಗೆ ಬ್ರಿಟಿಷ್ ಸೈನ್ಯ ಶರಣಾದ ಕತೆ. ಬರೆದವರು, ಆಡಿಸುವವರು, ಗೆದ್ದ ಸೇನಾಪತಿ ವಾಷಿಂಗ್ಟನ್ ಆಗುವವರು, ಮೂರೂ ದಾವಣಗೆರೆಯ ನಿವೃತ್ತ ಇಂಜಿನಿಯರ್ ಕುಬೇರಪ್ಪನವರೇ. ಸೋತ ಸೇನಾಪತಿಯ ಹೆಸರು ಕಿವಿಗೆ ಬಿದ್ದದ್ದೇ ತಡ, ವಾಹಿದ್ ಕುರ್ಚಿ ಬಿಟ್ಟು ಎದ್ದರು. ಅದೇ ಕಾರ್ನ್‌ವಾಲಿಸ್! ಇಲ್ಲಿ ಮಣ್ಣು ಮುಕ್ಕಿದವನು ಹತ್ತು ವರ್ಷ ಕಳೆದು ಶ್ರೀರಂಗಪಟ್ಟಣಕ್ಕೆ ಹೋಗಿ ಮೀಸೆ ತಿರುವಿದ್ದ.

"ಆ ಪಾರ್ಟು ನನಗೇ ಕೊಡಿ ಸರ್," ಎಂದರು. "ಅವನು ಕತ್ತಿ ಒಪ್ಪಿಸೋದನ್ನ ಒಂದೇ ಒಂದು ಸಲ ನೋಡಬೇಕು."

"ಕೊಡೋಣ ಸಾಹೇಬ್ರೇ. ಆದ್ರೆ ಅವನು ಬರೋದೇ ಇಲ್ವಲ್ಲ," ಎಂದರು ಕುಬೇರಪ್ಪ. "ಮೈಗೆ ಹುಷಾರಿಲ್ಲ ಅಂತ ಒಳಗೇ ಉಳಿದ. ಕತ್ತಿ ತಂದಿದ್ದು ಅವನ ಕೈಕೆಳಗಿನವನು. ಅದನ್ನ ನಾಗರಾಜು ಮಾಡ್ತಾರೆ. ನೀವು ಡೇರೆಯೊಳಗೆ ಮಲಗಿ ನರಳಿ, ಸಾಕು. ಹಿಸ್ಟರಿ ಇರೋದೇ ಹಂಗೆ."

ಕಳ್ಳ ಕಾಯಿಲೆ! ವಾಹಿದರಿಗೆ ಮೈಯೆಲ್ಲ ಉರಿಯಿತು. ಆದರೂ ಎರಡು ವಾರದ ರಿಹರ್ಸಲ್ಲಿನಲ್ಲಿ ಶಿಸ್ತಾಗಿ ನರಳಿದರು.

ನಾಟಕದ ದಿನ ನಾಗರಾಜು ಕತ್ತಿ ಹಿಡಿದು ಹೊರಟಾಗ ರೋಗಿಯೇ ಡೇರೆಯಿಂದ ಎದ್ದು ಬಂದ. ಕೆಂಪು ಕೋಟಿನ ವಾಹಿದ್ ಕತ್ತಿಯನ್ನು ಕಿತ್ತುಕೊಂಡು ನೇರವಾಗಿ ಬಿಳಿ ವಿಗ್ಗಿನ ವಾಷಿಂಗ್ಟನ್ ಮುಂದೆ ನಿಂತು ಚಾಚಿದರು.

"ಏನ್ರೀ ಇದು? ಹಿಸ್ಟರೀಲಿ ಹಿಂಗಿಲ್ಲ!" ಕುಬೇರಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಹಿಸ್ಟರೀಲಿ ನಮ್ಮ ಮಕ್ಕಳನ್ನ ಕರ್ಕೊಂಡು ಹೋಗಿದ್ದು ಇದೆ ಸರ್. ಆವತ್ತು ಇವನಿಗೆ ಯಾವ ಕಾಯಿಲೇನೂ ಬರಲಿಲ್ಲ. ತಗೊಳ್ಳಿ."

ವಾಹಿದರ ಕಣ್ಣು ತುಂಬಿತ್ತು. ಕುಬೇರಪ್ಪ ಎರಡೂ ಕೈ ಚಾಚಿ ಕತ್ತಿ ತೆಗೆದುಕೊಂಡರು. ವಾಹಿದ್ ಕಾರ್ನ್‌ವಾಲಿಸನ ತಲೆಯನ್ನು ಎಷ್ಟು ಸಾಧ್ಯವೋ ಅಷ್ಟು ಬಗ್ಗಿಸಿದರು, ಸೊಂಟ ಹಿಡಿದುಕೊಳ್ಳುವವರೆಗೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೂವತ್ತೊಂದು ವರ್ಷದ ಭಾರ ಇಳಿದು ಎದೆ ಹಗುರಾಯಿತು.

ಮುಂದಿನ ಸಾಲಿನಿಂದ ಲುಬ್ನಾ ಓಡಿ ಬಂದಳು. "ಅಬ್ಬಾ, ಸೂಪರ್! ಫೋಟೋನ ಊರಿನ ಫ್ಯಾಮಿಲಿ ಗ್ರೂಪಿಗೆ ಕಳಿಸಿಬಿಟ್ಟೆ."

"ಕೆಳಗೆ ಬರೆದೆಯಾ, ಅದು ನಾನಲ್ಲ, ಅವನು ಅಂತ?"

ಬರೆದಿರಲಿಲ್ಲ. ವಾಹಿದ್ ಕೋಟಿನ ಗುಂಡಿ ಬಿಚ್ಚುವಷ್ಟರಲ್ಲಿ, ಗೈಡ್ ವಾಹಿದ್ ಇಂಗ್ಲಿಷರ ಕೆಂಪು ಕೋಟು ತೊಟ್ಟು ಬಿಳಿ ವಿಗ್ಗಿನವನೊಬ್ಬನ ಮುಂದೆ ತಲೆ ತಗ್ಗಿಸಿ ನಿಂತದ್ದನ್ನು ಶ್ರೀರಂಗಪಟ್ಟಣದ ನೆಂಟರೆಲ್ಲ ನೋಡಿಯಾಗಿತ್ತು.