ಸಾಲಿನ ಕೊನೆಯ ಬಿಡುವು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಬೆಳಿಗ್ಗೆ ಹತ್ತಕ್ಕೆ ಹಳೇ ಹುಬ್ಬಳ್ಳಿಯ ಅಕ್ಕಾರು ಫೋನ್ ಮಾಡಿ, "ಸರ್ರ, ನಿಮ್ಮ ಹೊಸಾದು ಕೆಟ್ಟೈತ್ರಿ" ಎಂದಾಗ ಮೊದಲು ಬಂದದ್ದು ಅದೇ.

ಕನ್ನಡ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶವನ್ನು ಎಂಟು ವರ್ಷಗಳಿಂದ ನಾನು ನೋಡಿಕೊಂಡು ಬಂದಿದ್ದೇನೆ. ಮುಕ್ತ ತಂತ್ರಾಂಶ, ಯಾರು ಬೇಕಾದರೂ ಬಳಸಬಹುದು, ಒಳಗೆ ಕೈಹಾಕಿ ತಿದ್ದಬಹುದು. ತಿದ್ದಲು ಬರುವವರು ಕಡಿಮೆ, ಬೈಯಲು ಬರುವವರು ಬಹಳ. ಹೊಟ್ಟೆಪಾಡಿಗೆ ಲಕಮನಹಳ್ಳಿಯ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ನೌಕರಿಯಿದೆ. ವರ್ಷಗಳಿಂದ ಅದನ್ನು ಬಳಸುತ್ತ ಬಂದಿರುವ ಅಕ್ಕಾರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕಚೇರಿಯೊಂದರಲ್ಲಿ ಗುತ್ತಿಗೆಯ ಮೇಲೆ ಟೈಪಿಂಗ್ ಕೆಲಸ. ಅವತ್ತು ಮಧ್ಯಾಹ್ನ ಎರಡಕ್ಕೆ ಅವರನ್ನು ಕಾಯಂ ಮಾಡುವ ಪರೀಕ್ಷೆಯಿತ್ತು. ತಮ್ಮದೇ ಲ್ಯಾಪ್‌ಟಾಪಿನಲ್ಲಿ ನಮ್ಮ ತಂತ್ರಾಂಶ ಓದಿದ್ದನ್ನು ಕೇಳುತ್ತ ಅರ್ಧ ಗಂಟೆಯಲ್ಲಿ ಎರಡು ಪುಟ ಟೈಪ್ ಮಾಡಬೇಕು. ವಯಸ್ಸಿನ ಮಿತಿ ಮುಗಿಯುತ್ತ ಬಂದಿದ್ದರಿಂದ ಅದೇ ಅವರ ಕೊನೆಯ ಅವಕಾಶ.

ಧ್ವನಿ ಹೊರಡಿಸಲು ನಾವು ನೆಚ್ಚಿಕೊಂಡಿದ್ದದ್ದು ಬೇರೆ ಯಾರೋ ಬರೆದಿಟ್ಟ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡಿನ ಕಂತೆಯನ್ನು. ಬರೆದವರು ಅದನ್ನು ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಹೊಸ ಕಂಪ್ಯೂಟರುಗಳಲ್ಲಿ ಅದು ಏಳುತ್ತಲೇ ಇರಲಿಲ್ಲ. ನಾಲ್ಕು ತಿಂಗಳು ಕೂತು ಅದನ್ನು ಕಿತ್ತು ಬೇರೆಯದನ್ನು ಜೋಡಿಸಿದೆ. ಬಳಸುವವರಿಗೆ ಬದಲಾಗಿದ್ದೇ ತಿಳಿಯಬಾರದು ಎಂಬುದು ನನ್ನ ಹಠ. ಅವೇ ಕೀಲಿಗಳು, ಅದೇ ವೇಗ, ಹಳೆಯ ಸೆಟ್ಟಿಂಗುಗಳೆಲ್ಲ ಇದ್ದ ಹಾಗೇ. ಬರೆದಿಟ್ಟುಕೊಂಡ ತಪಾಸಣೆಗಳೆಲ್ಲ ಪಾಸಾದವು. ಹಳೆಯದರಲ್ಲಿ ಒಂದು ಪೀಡೆಯಿತ್ತು: ಪ್ರತಿ ಸಾಲು ಮುಗಿದಾಗ ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಡುತ್ತಿತ್ತು. ಎಷ್ಟು ಹೆಣಗಿದರೂ ನನ್ನಿಂದ ತೆಗೆಯಲಾಗಿರಲಿಲ್ಲ. ಹೊಸದರಲ್ಲಿ ಅದು ತಾನಾಗಿಯೇ ಹೋಗಿತ್ತು. ಈಗ ನೀರು ಕುಡಿದಷ್ಟು ಸಲೀಸಾಗಿ ಓದುತ್ತದೆ ಎಂದು ಬಿಡುಗಡೆಯ ಟಿಪ್ಪಣಿಯಲ್ಲಿ ಜಂಬದಿಂದ ಬರೆದುಕೊಂಡಿದ್ದೆ.

"ಏನು ಕೆಟ್ಟೈತಿ ಹೇಳ್ರಿ. ಧ್ವನಿ ಬರವಲ್ದೇನು?" ಎಂದೆ.

"ಧ್ವನಿ ಛಲೋ ಐತ್ರಿ. ಆದ್ರ ನಿಂದ್ರವಲ್ದು. ಒಂದು ಸಾಲು ಟೈಪ್ ಮಾಡೂದ್ರಾಗ ಮುಂದಿಂದು ಓಡಿ ಹೋಗ್ತೈತಿ. ನಿನ್ನೆ ಹೊಸಾದು ಹಾಕ್ಕೊಂಡಾಗಿಂದ ಒಂದು ಪುಟಾನೂ ಆಗಿಲ್ರಿ."

"ನಿಲ್ಲಿಸೋ ಕೀಲಿ ಐತೆಲ್ರಿ, ಅದನ್ನ ಒತ್ರಿ."

"ಸಾಲಿಗೊಮ್ಮಿ ಕೈ ಎತ್ತಿದ್ರ ಅರ್ಧ ತಾಸಿನ್ಯಾಗ ಮುಗೀತೈತೇನ್ರಿ?"

ಆಗ ಹೊಳೆಯಿತು. ನಾನು ಪೀಡೆಯೆಂದು ಬೈಯುತ್ತಿದ್ದ ಆ ಬಿಡುವಿನಲ್ಲೇ ಅವರ ಬೆರಳುಗಳು ಇಷ್ಟು ವರ್ಷ ಸಾಲನ್ನು ಮುಗಿಸಿಕೊಳ್ಳುತ್ತಿದ್ದವು. ಹಳೇ ಗಂಡನ ಪಾದವೇ ಗತಿ ಎಂದು ಹಿಂದಿನ ಆವೃತ್ತಿಗೆ ಮರಳೋಣವೆಂದರೆ, ಅವರ ಲ್ಯಾಪ್‌ಟಾಪ್ ಈಗಾಗಲೇ ಹೊಸ ಆಪರೇಟಿಂಗ್ ಸಿಸ್ಟಮ್ಮಿಗೆ ಬದಲಾಗಿತ್ತು. ಅಲ್ಲಿ ಹಳೆಯದು ಏಳುವುದಿಲ್ಲ.

ಯಂತ್ರಗಳ ಗದ್ದಲದಲ್ಲಿ ಫೋನು ಕೇಳಿಸದೆ, ನನ್ನ ಲ್ಯಾಪ್‌ಟಾಪ್ ಹಿಡಿದು ಕಾರ್ಖಾನೆಯ ಬೈಕ್ ನಿಲ್ಲಿಸುವ ಶೆಡ್ಡಿಗೆ ಓಡಿದೆ. ಸಾಲಿನ ಕೊನೆಗೆ ಅರ್ಧ ಸೆಕೆಂಡು ಬಿಡುವು ಸೇರಿಸಿ ಕಳಿಸಿದೆ. ಅವರು ಹಾಕಿಕೊಂಡು ನೋಡಿ, "ಸಾಲೂದಿಲ್ರಿ" ಎಂದರು. ಹೆಚ್ಚಿಸಿದೆ. "ಈಗ ಭಾಳ ಆತ್ರಿ, ಕೈ ಖಾಲಿ ಕುಂದರ್ತಾವ." ಹಳೆಯದು ಎಷ್ಟು ಹೊತ್ತು ನಿಲ್ಲುತ್ತಿತ್ತು ಎಂದು ನಾನು ಒಮ್ಮೆಯೂ ಅಳೆದಿರಲಿಲ್ಲ. ಪೀಡೆಯನ್ನು ಯಾರು ಅಳೆಯುತ್ತಾರೆ? ಮೂರನೆಯ ಸಲ ಅವಸರದಲ್ಲಿ ಏನೋ ಕೆಡಿಸಿದೆ. ಎರಡನೇ ಪುಟಕ್ಕೆ ಬರುತ್ತಲೇ ಓದುವುದೇ ನಿಂತುಹೋಯಿತು. ಗಂಟೆ ಹನ್ನೆರಡೂವರೆ. ಅವರು ಏನೋ ಕೇಳಲು ಹೊರಟಾಗ, "ಒಂದೀಟು ತಡೀರಿ ಅಂದ್ನೆಲ್ಲ!" ಎಂದು ರೇಗಿಬಿಟ್ಟೆ.

"ನಾ ತಡೀತೇನ್ರಿ ಸರ್ರ," ಎಂದರು ಮೆಲ್ಲಗೆ. "ಪರೀಕ್ಷಾ ತಡಿಯೂದಿಲ್ಲ."

ನಾಚಿಕೆಯಾಯಿತು. ಬಾಯಿ ಮುಚ್ಚಿಕೊಂಡು ತಪ್ಪು ಹುಡುಕಿ, ಒಂದು ಗಂಟೆಗೆ ನಾಲ್ಕನೆಯದನ್ನು ಕಳಿಸಿದೆ. ಫೋನಿನಲ್ಲಿ ಕೀಲಿಗಳ ಪಟಪಟ ಶುರುವಾಯಿತು. ಒಂದಿಡೀ ಪುಟ ಮುಗಿಯುವವರೆಗೆ ಅದು ಎಲ್ಲೂ ತಡವರಿಸಲಿಲ್ಲ.

"ಇದ ನೋಡ್ರಿ, ಮೊದಲಿನಂಗ ಆತು. ಆಟೋ ಬಂದೈತಿ, ಹೊಂಟೆ," ಎಂದು ಫೋನಿಟ್ಟರು.

ಆಮೇಲೆ ಊಟ ಸೇರಲಿಲ್ಲ. ಪರೀಕ್ಷೆಯ ನಡುವೆ ಅದು ಮತ್ತೆ ಕೆಟ್ಟರೆ, ಅವರ ಇಷ್ಟು ವರ್ಷದ ದುಡಿಮೆಯನ್ನು ಹಾಳುಮಾಡಿದವನು ನಾನೇ. ಐದು ಗಂಟೆಗೆ ಫೋನು ಬಂತು. ಮತ್ತೆ ಶೆಡ್ಡಿಗೆ ಓಡಿದೆ.

"ಮುಗಸೇನ್ರಿ! ಎರಡ ನಿಮಿಷ ಇನ್ನೂ ಉಳಿದಿತ್ತು."

ಜೀವ ಬಂದ ಮೇಲೆ ಹಾಳು ಸಿಟ್ಟೂ ಬಂತು. "ಅಲ್ರಿ ಅಕ್ಕಾರ, ಆ ಬಿಡುವು ನಿಮಗ ಬೇಕಂತ ಒಂದು ಸಲಾನರ ಹೇಳಬಾರದಿತ್ತೇನು? ನಾ ಅದನ್ನ ಮುಟ್ಟತಿದ್ದಿಲ್ಲ."

ಅವರು ನಕ್ಕರು. "ಹೇಳೂದೇನೈತ್ರಿ? ನಮ್ಮಂಥವರಿಗೆ ತಡಾ ಆಗ್ತೈತಂತ ತಿಳಿದು ನೀವ ಇಟ್ಟೀರಿ ಅಂತ ತಿಳ್ಕೊಂಡಿದ್ದೆ. ಅದು ನಿಂತಾಗೊಮ್ಮಿ, ಯಾರೋ ನನ್ನ ಸಲುವಾಗಿ ಕಾಯಾಕತ್ತಾರ ಅನಸ್ತಿತ್ತು."

ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಇಲ್ರಿ ಅಕ್ಕಾರ," ಎಂದೆ. "ಅದನ್ನ ತೆಗಿಯಾಕ ಎಂಟು ವರ್ಷ ಗುದ್ದಾಡೇನಿ."