ಕೂತಲ್ಲೇ ನಡೆದೆನಂತೆ

ನನ್ನ ಎಡಗೈಯ ಮಣಿಕಟ್ಟಿನ ಮೇಲೆ ಕಳೆದ ಮಳೆಗಾಲದಿಂದ ಒಬ್ಬ ಮೇಸ್ತ್ರಿ ಕೂತಿದ್ದಾನೆ. ಸ್ವಲ್ಪ ಹೊತ್ತು ಕೂತರೆ ಏಳು ಎನ್ನುತ್ತಾನೆ. ಎದ್ದು ಕೆಲಸ ಹಿಡಿದರೆ ಸ್ವಲ್ಪ ಉಸಿರಾಡು ಎನ್ನುತ್ತಾನೆ. ಇವನು ಬರುವ ಮುಂಚೆ ಇಷ್ಟು ವರ್ಷ ನಾನು ಯಾರ ಅಪ್ಪಣೆಯೂ ಇಲ್ಲದೆ ಹೇಗೆ ಉಸಿರಾಡಿಕೊಂಡಿದ್ದೆನೋ ಗೊತ್ತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ರಾತ್ರಿ ನಾನು ಹೇಗೆ ನಿದ್ದೆ ಮಾಡಿದೆ ಎಂದು ನನಗೇ ತಿಳಿಸುತ್ತಾನೆ. ಚೆನ್ನಾಗಿ ನಿದ್ದೆ ಬಂತು ಎಂದು ನಾನು ಅಂದುಕೊಂಡ ದಿನ ಬಂದಿಲ್ಲ ಎನ್ನುತ್ತಾನೆ. ಅವನು ಹೇಳಿದ ಮೇಲೆ ದಿನವಿಡೀ ನನಗೂ ಆಕಳಿಕೆ.

ನೀವು ಇದಕ್ಕೆ ಸ್ಮಾರ್ಟ್‌ವಾಚ್ ಎನ್ನುತ್ತೀರಿ. ಬೇಸಿಗೆ ರಜೆಗೆ ಎಲ್ಲರೂ ಸೇರಿದಾಗ, "ಅಜ್ಜಿ, ವಾಚಿನ ಜಗಳ ಅಂದ್ರೆ ಎಂತದ್ದು?" ಎಂದು ಕೇಳಿ ಕೇಳಿ ನನ್ನನ್ನು ಗೋಳು ಹುಯ್ದುಕೊಂಡಿರಿ. ಎಲ್ಲರ ಮುಂದೆ ಬಾಯಿ ಬಿಟ್ಟು ಹೇಳಲು ನನಗೆ ಆಗುವುದಿಲ್ಲ, ನಾಲ್ಕು ಜನ ನೋಡಿದರೆ ನನ್ನ ಮಾತು ಗಂಟಲಲ್ಲೇ ಕೂರುತ್ತದೆ. ಅದಕ್ಕೆ ಬರೆದಿದ್ದೇನೆ. ಇದರಲ್ಲಿ ಬರುವ ನನ್ನ ಮಗಳು ನಿಮ್ಮಲ್ಲಿ ಕೆಲವರಿಗೆ ಅಮ್ಮ, ಉಳಿದವರಿಗೆ ಅತ್ತೆ. ನನ್ನ ಸೊಸೆಯ ವಿಷಯವೂ ಹಾಗೆಯೇ. ಓದಿ ಯಾರೂ ಯಾರ ಪಕ್ಷವನ್ನೂ ಹಿಡಿಯಬೇಡಿ. ಪಕ್ಷ ಹಿಡಿಯುವ ಕೆಲಸವನ್ನು ವಾಚು ಆಗಲೇ ಮಾಡಿ ಮುಗಿಸಿದೆ.

ಇದು ಬಂದದ್ದು ಶೃಂಗೇರಿಯ ಒಂದು ಉಪನಯನದ ಊಟದ ದೆಸೆಯಿಂದ. ಎರಡನೇ ಪಂಕ್ತಿಯಲ್ಲಿ ಉಂಡು ಏಳುವಾಗ ತಲೆ ಸುತ್ತಿದ ಹಾಗಾಗಿ ಮತ್ತೆ ಎಲೆಯ ಮುಂದೆ ಕೂತುಬಿಟ್ಟೆ. ಬಡಿಸುವವನು ಇನ್ನೂ ಪಾಯಸ ಬೇಕೇನೋ ಎಂದು ಸೌಟು ಹಿಡಿದು ಬಂದ. ಮಗಳು ಮಾತ್ರ ಕಂಡು ಹೆದರಿದಳು. ಅಳಿಯನಿಗೆ ಕೊಪ್ಪದಲ್ಲಿ ಮೊಬೈಲ್ ಅಂಗಡಿ ಇದೆಯಲ್ಲ, ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಎಲ್ಲರೂ ನೋಡಿ, ಬೆಲೆ ಕೇಳಿ, ನಮಸ್ಕಾರ ಹೇಳಿ ಹೋಗುತ್ತಿದ್ದ ಒಂದು ವಾಚಿತ್ತು. ಅದು ಮರುವಾರ ನನ್ನ ಕೈಗೆ ಬಂತು. "ಬೆಲೆ ಮಾತ್ರ ಕೇಳ್ಬೇಡಿ ಅತ್ತೆ, ಹಾರ್ಟಿಗೆ ಒಳ್ಳೇದಲ್ಲ" ಎಂದ ಅಳಿಯ. ಹಾರ್ಟು ನೋಡಿಕೊಳ್ಳಲೆಂದೇ ಕೊಟ್ಟ ವಾಚದು.

ಒಂದು ಉಪಕಾರ ಮಾತ್ರ ಅದರಿಂದ ಕೂಡಲೇ ಆಯಿತು. ನಿಮ್ಮ ಅಜ್ಜ ಹೋದ ಮೇಲೆ ನನ್ನ ಬರಿ ಕೈಯನ್ನು ಯಾರೂ ನೋಡುತ್ತಿರಲಿಲ್ಲ. ಶುಭಕಾರ್ಯಗಳಲ್ಲಿ ಅರಿಶಿನ ಕುಂಕುಮದ ತಟ್ಟೆ ನನ್ನ ಹತ್ತಿರ ಬಂದಾಗ ಸ್ವಲ್ಪ ವೇಗ ಪಡೆದು ಪಕ್ಕದವಳ ಬಳಿ ಹೋಗಿ ನಿಲ್ಲುತ್ತಿತ್ತು. ಈಗ ತಟ್ಟೆ ಹಿಡಿದವಳೇ ಅದನ್ನು ಕೆಳಗಿಟ್ಟು, ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, "ಎಂತ ಚಂದ ಉಂಟು ಮಾರಾಯ್ತಿ, ಮುಟ್ಟಿದ್ರೆ ಬೆಳಗ್ತದಲ್ಲ!" ಎನ್ನುತ್ತಾಳೆ. ನೋಡಿ ಆದ ಮೇಲೆ ತಟ್ಟೆ ಎತ್ತಿಕೊಂಡು ಪಕ್ಕದವಳ ಬಳಿಗೇ ಹೋಗುತ್ತಾಳೆ, ಅದು ಬೇರೆ ಮಾತು.

ಅದರ ಸೇವೆಯೇನೂ ಕಡಿಮೆಯಲ್ಲ. ದನಕ್ಕೆ ಹುಲ್ಲು ಹಾಕುವುದು ಮರೆತರೂ ಇದಕ್ಕೆ ಕರೆಂಟು ಹಾಕುವುದು ಮರೆಯುವಂತಿಲ್ಲ. ದನ ಹಾಲು ಕೊಡುತ್ತದೆ, ಇದು ಬುದ್ಧಿ ಹೇಳುತ್ತದೆ. ಬೆಟ್ಟದಿಂದ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು, ಎರಡು ಕೈಯಲ್ಲೂ ಹೊರೆ ಹಿಡಿದು ಇಳಿದು ಬಂದರೆ ಕೈ ಅಲ್ಲಾಡುವುದಿಲ್ಲವಲ್ಲ, ಅದರ ಪ್ರಕಾರ ನಾನು ನಿಂತೇ ಇದ್ದೇನೆ. ಅಂಗಳದಲ್ಲಿ ಹೊರೆ ಇಳಿಸಿ ಬೆವರು ಒರೆಸಿಕೊಳ್ಳುವಾಗ, "ಸ್ವಲ್ಪ ಓಡಾಡಿ" ಎಂದು ಕೈ ನಡುಗಿಸುತ್ತದೆ. ಬೇಜಾರಾಗಿ ಒಂದು ದಿನ ಬಿಚ್ಚಿ ಉಪ್ಪಿನ ಭರಣಿಯ ಪಕ್ಕ ಇಟ್ಟೆ. ನನ್ನ ಎದೆಬಡಿತ ತನ್ನ ಫೋನಿಗೆ ಕಾಣದೆ ಮಧ್ಯಾಹ್ನದೊಳಗೆ ಮಗಳು ಊರಿಗೆಲ್ಲ ಫೋನು ಮಾಡಿದ್ದಳು. ಅಕ್ಕಪಕ್ಕದ ಮನೆಯವರು ಒಬ್ಬೊಬ್ಬರಾಗಿ ಬಂದು, ಬಾಗಿಲಲ್ಲಿ ನಿಂತು ನನ್ನನ್ನು ನೋಡಿ, "ಇದ್ದಾರೆ, ಇದ್ದಾರೆ" ಎಂದು ಅಲ್ಲಿಂದಲೇ ಕೊಪ್ಪಕ್ಕೆ ವರದಿ ಕೊಟ್ಟರು. ಆಮೇಲೆ ಬಿಚ್ಚುವ ಧೈರ್ಯ ಮಾಡಲಿಲ್ಲ.

ಅಷ್ಟಾದರೆ ನಗುವ ವಿಷಯವೇ ಆಗಿ ಉಳಿಯುತ್ತಿತ್ತು. ಆದರೆ ಅಡಿಕೆ ಸುಲಿತ ಶುರುವಾಯಿತು.

ನಮ್ಮ ಕಿಗ್ಗದಿಂದ ಸಿರಿಮನೆಯವರೆಗೆ ಎಲ್ಲ ಕಡೆ ಇರುವ ಪದ್ಧತಿಯೇ ನಮ್ಮಲ್ಲೂ. ಇವತ್ತು ಅವರ ಮನೆ, ನಾಳೆ ನಮ್ಮ ಮನೆ, ಹೆಂಗಸರೆಲ್ಲ ಸಂಜೆ ಸೇರಿ ಸುಲಿಯುವುದು. ಹಲಗೆಯ ಮೇಲೆ ನೆಟ್ಟ ಮೆಟ್ಟುಗತ್ತಿಯನ್ನು ಕಾಲಲ್ಲಿ ಒತ್ತಿ ಹಿಡಿದು ಕೂತು, ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುವುದು. ವರ್ಷವಿಡೀ ಮಾತಾಡದ ನಾನು ಅಲ್ಲಿ ಮಾತ್ರ ಮಾತಾಡುತ್ತೇನೆ, ಏಕೆಂದರೆ ಎಲ್ಲರೂ ಅಡಿಕೆ ನೋಡುತ್ತಿರುತ್ತಾರೆ, ನನ್ನ ಮುಖವನ್ನಲ್ಲ.

ಮೊದಲನೇ ಸಂಜೆ ಹೀಗೇ ಸುಲಿಯುತ್ತಿದ್ದಾಗ ವಾಚು ಗುರ್ರೆಂದು ನಡುಗಿ, ಬಣ್ಣಬಣ್ಣದ ಮತಾಪು ಹೊಡೆಯಿತು. ಪಕ್ಕದ ಮನೆಯ ಹುಡುಗಿ ಬಗ್ಗಿ ಓದಿದಳು: ಅಭಿನಂದನೆ, ಇಂದಿನ ನಡಿಗೆಯ ಗುರಿ ಮುಟ್ಟಿದ್ದೀರಿ.

"ಅಯ್ಯೋ, ಎಲ್ಲಿಗೆ ನಡೆದ್ರಿ ಮಾರಾಯ್ರೆ ಕೂತಲ್ಲೇ?"

"ನಮ್ಮನ್ನ ಬಿಟ್ಟು ಒಬ್ರೇ ಹೋಗಿ ಬಂದ್ರಾ? ಹೇಳಿದ್ರೆ ನಾವೂ ಬತ್ತಿದ್ವಪ್ಪ."

ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಅಡಿಕೆ ಬಿಡಿಸುವ ಕೈಯಾಟವನ್ನು ಆ ಬುದ್ಧಿವಂತ ಯಂತ್ರ ನಡಿಗೆ ಎಂದು ತಿಳಿದಿತ್ತು. ಹೊರೆ ಹೊತ್ತು ನಡೆದಾಗ ಸಿಗದ ಶಹಬ್ಬಾಸ್‌ಗಿರಿ ಕೂತಾಗ ಸಿಕ್ಕಿತು.

ಕೊಪ್ಪದಲ್ಲಿ ಮಾತ್ರ ಯಾರೂ ನಗಲಿಲ್ಲ. ನನ್ನ ವಾಚಿನ ಸಮಾಚಾರವೆಲ್ಲ ಮಗಳ ಫೋನಿಗೆ ಹೋಗುತ್ತದೆ. ನನ್ನ ಫೋನನ್ನು ನಾನು ಸುಲಿತಕ್ಕೆ ಒಯ್ಯುವುದಿಲ್ಲ, ಆದ್ದರಿಂದ ನಾನೆಲ್ಲಿದ್ದೆ ಎಂಬುದು ಅವಳಿಗೆ ಕಾಣುವುದಿಲ್ಲ. ನಾನು ಮನೆಗೆ ಮರಳಿದಾಗ, ಇಷ್ಟು ನಡೆದೆ ಎಂಬುದು ಮಾತ್ರ ಅವಳಿಗೆ ಮುಟ್ಟುತ್ತದೆ.

"ಅಮ್ಮ, ದಿನಾ ಸಂಜೆ ಎಲ್ಲಿಗೆ ಹೋಗ್ತಿದೀಯ?"

"ಎಲ್ಲಿಗೂ ಇಲ್ಲ. ಅಡಿಕೆ ಸುಲೀತಾ ಕೂತಿರ್ತೇನೆ."

"ಕೂತಿರ್ತೇನೆ ಅಂತೀಯ. ಇಲ್ಲಿ ನೋಡಿದ್ರೆ ಕಿಗ್ಗದಿಂದ ಶೃಂಗೇರಿಗೆ ನಡೆದಷ್ಟು ತೋರಿಸ್ತಾ ಉಂಟು. ನಿದ್ದೆನೂ ಕಮ್ಮಿ. ಅತ್ತಿಗೆ ಎಂತ ಕೆಲ್ಸ ಮಾಡಿಸ್ತಾ ಇದಾಳೆ, ಹೇಳು."

"ಇಲ್ಲ ಮಾರಾಯ್ತಿ. ಆ ವಾಚು ಕೈ ಆಡಿದ್ರೆ ಕಾಲು ಅಂತ ತಿಳ್ಕೊಳ್ತದೆ."

"ಸುಮ್ನಿರಮ್ಮ. ಅಂಗಡಿಯಲ್ಲಿರೋ ಎಲ್ಲದಕ್ಕಿಂತ ಮೇಲಿನ ವಾಚು ಅದು. ಅದಕ್ಕೆ ಕೈಗೂ ಕಾಲಿಗೂ ವ್ಯತ್ಯಾಸ ಗೊತ್ತಿರೂದಿಲ್ವಾ? ನೀನು ಮೊದಲಿಂದ್ಲೂ ಹಾಗೇ, ಯಾರಾದ್ರೂ ಎಂತ ಮಾಡಿದ್ರೂ ಬಾಯಿ ಬಿಡೂದಿಲ್ಲ."

ಹೆತ್ತ ತಾಯಿಯ ಮಾತು ಒಂದು ಕಡೆ, ಮಣಿಕಟ್ಟಿನ ಮಾತು ಒಂದು ಕಡೆ. ಮಣಿಕಟ್ಟು ಗೆದ್ದಿತು. ಮರುದಿನ ಅವಳು ನೇರ ಸೊಸೆಗೇ ಫೋನು ಮಾಡಿದಳು. ಅಡುಗೆಮನೆಯಲ್ಲಿದ್ದ ನನಗೆ ಸೊಸೆಯ ಮಾತು ಮಾತ್ರ ಕೇಳುತ್ತಿತ್ತು. "ನಾನಾ? ನಾನು ನಡೆಸ್ತೇನಾ?" ಎಂದಳು. ಕೊನೆಗೆ, "ಆಯ್ತು, ಇನ್ನು ಅವರನ್ನ ಹೂವಿನ ಹಾಗೆ ಇಡ್ತೇನೆ" ಎಂದು ಫೋನು ಇಟ್ಟಳು.

ಹೂವಿನ ಹಾಗೇ ಇಟ್ಟಳು. ಕೈಯಿಂದ ಪೊರಕೆ ಹೋಯಿತು, ಈಳಿಗೆಮಣೆ ಹೋಯಿತು, ಸುಲಿತವೂ ಹೋಯಿತು. ಲೋಟ ಎತ್ತಲು ಬಗ್ಗಿದರೆ, "ಬೇಡ ಅತ್ತೆ, ಕೊಪ್ಪಕ್ಕೆ ಗೊತ್ತಾಗ್ತದೆ" ಎನ್ನುತ್ತಿದ್ದಳು. ನಾನು ಜಗಲಿಯಲ್ಲಿ ಕೂತೇ ಕೂತೆ. ಈಗ ವಾಚಿಗೆ ಬೇರೆ ಚಿಂತೆ ಹತ್ತಿತು: ಈ ಮುದುಕಿ ಅಲ್ಲಾಡುತ್ತಲೇ ಇಲ್ಲವಲ್ಲ! ಅದನ್ನೂ ನಿಷ್ಠೆಯಿಂದ ಕೊಪ್ಪಕ್ಕೆ ಮುಟ್ಟಿಸಿತು. ಮಗಳಿಂದ ಮತ್ತೆ ಸೊಸೆಗೆ ಫೋನು: ಅಮ್ಮನಿಗೆ ಹುಷಾರಿಲ್ಲವಾ, ಅಷ್ಟು ದುಡಿಸಿ ಈಗ ಮಲಗಿಸಿಬಿಟ್ಟಿರಾ?

ಸೊಸೆ ಫೋನು ಇಟ್ಟು ಒಳಗೆ ಹೋಗಿ ಬಟ್ಟೆಯ ಚೀಲ ತಂದಳು. "ನಡೆದ್ರೂ ನಂದೇ ತಪ್ಪು, ಕೂತ್ರೂ ನಂದೇ ತಪ್ಪು. ಆ ವಾಚಿಗೆ ಅಡಿಗೆ ಮಾಡ್ಲಿಕ್ಕೆ ಬತ್ತದಾ ಕೇಳಿ ಅತ್ತೆ. ಬಂದ್ರೆ ಅದೇ ಮಾಡ್ಲಿ" ಎಂದು ನರಸಿಂಹರಾಜಪುರದ ಕಡೆ ಸೀತೂರಿನ ತನ್ನ ತವರಿಗೆ ಹೊರಟುಬಿಟ್ಟಳು. ಯಾವಾಗ ಬರುತ್ತೇನೆಂದು ಹೇಳಲಿಲ್ಲ. ಮಗನನ್ನು ಕೇಳಿದರೆ, "ನೀವು ನೀವು ಹೆಂಗಸರು ಸರಿ ಮಾಡ್ಕೊಳ್ಳಿ" ಎಂದು ಪಂಪ್‌ಸೆಟ್ಟು ನೋಡಲು ಹೋದ. ಸರಿಯಾಗಿದ್ದ ಪಂಪ್‌ಸೆಟ್ಟನ್ನು ಅವನು ಸಂಜೆಯವರೆಗೆ ನೋಡಿದ.

ನನಗೆ ನಿಜಕ್ಕೂ ಹೆದರಿಕೆಯಾಯಿತು. ನನ್ನ ತವರಿನಲ್ಲಿ ಇಂಥದ್ದೇ ಒಂದು ಮಾತಿಗೆ ನನ್ನ ಅಕ್ಕನೂ ಅತ್ತಿಗೆಯೂ ಮುಖ ತಿರುಗಿಸಿದವರು ಮತ್ತೆ ಒಂದೇ ಪಂಕ್ತಿಯಲ್ಲಿ ಕೂರಲಿಲ್ಲ. ಇಬ್ಬರ ನಡುವೆ ನನ್ನ ತಾಯಿ ಒಬ್ಬರ ಸುದ್ದಿಯನ್ನು ಇನ್ನೊಬ್ಬರ ಮುಂದೆ ಎತ್ತದೆ, ಪಿಸುಮಾತಲ್ಲೇ ಮುದುಕಿಯಾದಳು. ನನ್ನ ಮಗಳು ಮತ್ತು ಸೊಸೆ ಹಾಗಾಗುವುದು ನನಗೆ ಬೇಡವಾಗಿತ್ತು. ಫೋನಿನಲ್ಲಿ ಹೇಳಿದರೆ ಮಗಳು ನಂಬುವುದಿಲ್ಲ. ವಾಚನ್ನು ಬೇರೆಯವರ ಕೈಗೆ ಕಟ್ಟಿ ಸುಲಿಸಿದರೂ ಅವಳು ಕೊಪ್ಪದಲ್ಲಿ ಕೂತು ಅಮ್ಮನೇ ನಡೆದಳು ಎಂದುಕೊಳ್ಳುತ್ತಾಳೆ. ಹಾಗಾಗಿ ಮೆಟ್ಟುಗತ್ತಿಯನ್ನು ಗೋಣಿಯಲ್ಲಿ ಸುತ್ತಿ, ಒಂದು ಚೀಲ ಹಸಿ ಅಡಿಕೆ ಹಿಡಿದು ಒಬ್ಬಳೇ ಬಸ್ಸು ಹತ್ತಿದೆ.

ಶೃಂಗೇರಿಯಲ್ಲಿ ಕೊಪ್ಪದ ಬಸ್ಸಿಗೆ ಹತ್ತುವಾಗ ಕಂಡಕ್ಟರ್ ಗೋಣಿ ಎತ್ತಿ ಕೊಡಲು ಬಂದ.

"ಎಂತ ಅಜ್ಜಿ ಇದು, ಗಟ್ಟಿ ಉಂಟು?"

"ಕತ್ತಿ."

"ಕತ್ತಿಯಾ! ಯಾರಿಗೆ?"

"ಮಗಳಿಗೆ."

ಅವನು ಗೋಣಿ ಕೆಳಗಿಟ್ಟು ಸ್ವಲ್ಪ ದೂರ ನಿಂತೇ ಟಿಕೆಟ್ ಹರಿದ. ಕೊಪ್ಪದವರೆಗೂ ನನ್ನ ಪಕ್ಕ ಯಾರೂ ಕೂರಲಿಲ್ಲ. ಇಷ್ಟು ಆರಾಮದ ಪ್ರಯಾಣವನ್ನು ನಾನು ಯಾವತ್ತೂ ಮಾಡಿಲ್ಲ.

ಮಧ್ಯಾಹ್ನ ಅಂಗಡಿಯಲ್ಲಿ ಮಗಳೂ ಇರುತ್ತಾಳೆ. ನಾನು ಗೋಣಿ ಬಿಚ್ಚಿ, ಹೊಳೆಯುವ ಟೈಲ್ಸಿನ ಮೇಲೆ ಕತ್ತಿ ಇಟ್ಟು, ವಾಚು ಬಿಚ್ಚಿ ಅವಳ ಕೈಗೆ ಕಟ್ಟಿದೆ. "ಕೂತ್ಕೊ. ಸುಲಿ."

"ಅತ್ತೆ, ಮನೆಗೆ ಹೋಗಿ ಮಾಡುವ. ಇಲ್ಲಿ ಗಿರಾಕಿ ಬರ್ತಾರೆ" ಎಂದ ಅಳಿಯ.

"ಬರ್ಲಿ" ಎಂದೆ. ಅಷ್ಟು ಗಟ್ಟಿಯಾಗಿ ಹೇಳಿದವಳು ನಾನೇ ಎಂದು ನನಗೇ ನಂಬಲಾಗಲಿಲ್ಲ.

ಮಗಳಿಗೂ ಎಂತನಿಸಿತೋ, ಸೀರೆ ಎತ್ತಿಕಟ್ಟಿ ಕೂತಳು. ಮದುವೆಯಾದ ಮೇಲೆ ಸುಲಿದವಳಲ್ಲ. ನಾಲ್ಕು ಅಡಿಕೆ ತಡವರಿಸಿ, ಆಮೇಲೆ ಕೈಗೆ ಹಳೆಯ ಲಯ ಬಂತು. ಅಷ್ಟರಲ್ಲಿ ಚಾರ್ಜರ್ ಕೊಳ್ಳಲು ಬಂದ ಒಬ್ಬರು ಬಾಗಿಲಲ್ಲೇ ನಿಂತರು. "ಎಂತ ಮಾರಾಯ, ಮೊಬೈಲ್ ಬಿಟ್ಟು ಅಡಿಕೆ ಮಂಡಿ ಹಾಕಿದ್ಯಾ?" ಎಂದು ಅಳಿಯನನ್ನು ಕೇಳಿದರು. ಅಳಿಯ ಗಾಜಿನ ಪೆಟ್ಟಿಗೆಯನ್ನು ಒರೆಸತೊಡಗಿದ.

ಸ್ವಲ್ಪ ಹೊತ್ತಿಗೆ ಮಗಳ ಕೈ ಗುರ್ರೆಂದಿತು. ಅವಳು ನೋಡಿದಳು. ಅಳಿಯ ಬಗ್ಗಿ ಓದಿದ: ನೀವು ನಡಿಗೆ ಶುರು ಮಾಡಿದಂತಿದೆ, ದಾಖಲಿಸಲೇ?

"ನನಗೂ ಒಂದು ಕೊಡು" ಎಂದರು ಚಾರ್ಜರಿನವರು. "ಡಾಕ್ಟ್ರು ವಾಕಿಂಗ್ ಮಾಡಿ ಅಂದಿದಾರೆ. ಮನೆಯಲ್ಲಿ ಕೂತೇ ಮಾಡ್ತೇನೆ."

"ಅಪ್‌ಡೇಟ್ ಬಂದ್ರೆ ಸರಿ ಆಗ್ತದೆ" ಎಂದ ಅಳಿಯ.

ಮಗಳು ಇನ್ನೊಂದು ಅಡಿಕೆ ತೆಗೆದುಕೊಂಡಳು. ಕಣ್ಣು ವಾಚಿನ ಮೇಲೆಯೇ ಇದ್ದುದರಿಂದ ಹೆಬ್ಬೆರಳು ಕತ್ತಿಗೆ ತಾಗಿ ಗೀರಾಯಿತು. ರಕ್ತ ನೋಡಿ ಅವಳು ಅತ್ತಳು. ಬೆರಳಿಗೆ ಅಷ್ಟು ಅಳುವವಳಲ್ಲ ಅವಳು. "ಅತ್ತಿಗೆ ಫೋನು ಎತ್ತೂದಿಲ್ಲಮ್ಮ. ನಿನ್ನೆಯಿಂದ ಮಾಡ್ತಿದೇನೆ, ಬೈಲಿಕ್ಕೆ" ಎಂದಳು.

"ಈಗ ಬೈಸ್ಕೊಳ್ಳಿಕ್ಕೆ ಹೋಗುವ, ಬಾ" ಎಂದೆ.

ಅಳಿಯನ ಕಾರಿನಲ್ಲಿ ಸೀತೂರಿಗೆ ಹೋದೆವು. ಸೊಸೆ ಅಂಗಳದಲ್ಲಿ ಹಪ್ಪಳ ಎತ್ತುತ್ತಿದ್ದವಳು ನಮ್ಮನ್ನು ಕಂಡು ನಿಂತಳು.

"ಬನ್ನಿ, ಬನ್ನಿ. ನಾನು ಇಲ್ಲಿ ಎಷ್ಟು ನಡೀತೇನೆ ಅಂತ ನೋಡ್ಲಿಕ್ಕೆ ಬಂದದ್ದಾ?"

"ತಪ್ಪಾಯ್ತು ಅತ್ತಿಗೆ. ನಾನೇ ಕೂತು ಸುಲಿದು ನೋಡಿದೆ. ನನ್ನನ್ನೂ ನಡೆಸ್ತು."

"ಓ! ನಾನು ಹೇಳಿದ್ದು ಸುಳ್ಳು, ಅತ್ತೆ ಹೇಳಿದ್ದೂ ಸುಳ್ಳು. ವಾಚು ಹೇಳಿದ್ಮೇಲೆ ಸತ್ಯ."

ಸೊಸೆ ಹೇಳಿದ್ದು ಸರಿಯಾಗಿಯೇ ಇತ್ತು. ನಾವು ಮೂವರು ಹೆಂಗಸರೂ ಹಪ್ಪಳ ನೋಡುತ್ತ ನಿಂತೆವು. ಆಮೇಲೆ ಸೊಸೆಯ ಕಣ್ಣು ಮಗಳ ಬೆರಳಿಗೆ ಸುತ್ತಿದ ಕರ್ಚೀಫಿನ ಮೇಲೆ ಬಿತ್ತು.

"ಎಂತದು ಅದು? ಕತ್ತಿ ತಾಗಿದ್ದಾ? ಅರಿಶಿನನೂ ಹಚ್ಚಲಿಲ್ವಾ? ಸುಲೀಲಿಕ್ಕೆ ಬರದವರು ಎಂತಕ್ಕೆ ಕೂರ್ತೀರಿ!" ಎಂದು ಬೈದುಕೊಂಡೇ ಒಳಗೆ ಹೋಗಿ ಅರಿಶಿನ ತಂದು ಬೆರಳು ಹಿಡಿದುಕೊಂಡಳು. ಗಟ್ಟಿಯಾಗಿಯೇ ಒತ್ತಿದಳು ಎಂದು ಕಾಣುತ್ತದೆ, ಮಗಳು ಹಲ್ಲು ಕಚ್ಚಿ ನಿಂತಳು.

ಮನೆಗೆ ಬರಲು ಸೊಸೆ ಒಂದು ಷರತ್ತು ಹಾಕಿದಳು. ವಾಚಿನ ಸಮಾಚಾರ ಇನ್ನು ಕೊಪ್ಪಕ್ಕೆ ಹೋಗಬಾರದು. ಮಗಳು ನಮ್ಮೆದುರೇ ಫೋನು ತೆಗೆದು ಅದನ್ನು ನಿಲ್ಲಿಸಿದಳು. ಈಗಲೂ ನಾನು ವಾಚು ಕಟ್ಟಿಕೊಳ್ಳುತ್ತೇನೆ, ಅದು ಹೇಳುತ್ತದೆ, ನಾನು ಕೇಳಿಸಿಕೊಳ್ಳುತ್ತೇನೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಅಮ್ಮ ಎಂತ ಮಾಡಿದಳು ಎಂದು ತಿಳಿಯಬೇಕಾದರೆ ಮಗಳು ನನಗೇ ಫೋನು ಮಾಡಬೇಕು. ಮಾಡುತ್ತಾಳೆ.

ಅವರಿಬ್ಬರೂ ಮೊದಲಿನ ಹಾಗೆ ಆಗಿದ್ದಾರೆ ಎಂದು ಬರೆದರೆ ಸುಳ್ಳಾಗುತ್ತದೆ. ಸ್ವಲ್ಪ ದಿನ ಮಾತು ಅಳೆದು ಆಡುತ್ತಿದ್ದರು. ಮೊನ್ನೆ ಮಗಳು ಫೋನು ಮಾಡಿದಾಗ, ಬೆಟ್ಟದಿಂದ ಸೊಪ್ಪು ತಂದೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. "ಅತ್ತಿಗೆಗೆ ಕೊಡು ಫೋನು" ಎಂದಳು. ಮತ್ತೆ ಶುರುವಾಯಿತು ಎಂದುಕೊಂಡೇ ಕೊಟ್ಟೆ. ಸೊಸೆ ಫೋನು ಕಿವಿಗಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಳು. "ನಾನು ಹೇಳಿದ್ರೆ ಕೇಳೂದಿಲ್ಲ ಮಾರಾಯ್ತಿ... ಅದೇ ಅಲ್ವಾ... ಹಟ, ಬರೇ ಹಟ... ನೀನೂ ಸ್ವಲ್ಪ ಬೈ" ಎಂದು ನನ್ನ ದೋಷಗಳನ್ನು ಒಂದೊಂದಾಗಿ ಹೇಳಿ, ಆ ಕಡೆಯಿಂದ ಬಂದವನ್ನೂ ಕೇಳಿ, ಹೌದು ಹೌದು ಎಂದು ತಲೆ ಆಡಿಸುತ್ತ ಸಾರು ಸೀಯುವವರೆಗೂ ಎದ್ದುಬರಲಿಲ್ಲ. ನಾನು ಸದ್ದು ಮಾಡದೆ ಒಲೆಯ ಮೇಲಿನ ಸಾರು ಇಳಿಸಿದೆ.