ಜೋಳದ ರಾಶಿಯ ಕೆಳಗಿನ ಮ್ಯಾಟ್

ಕ್ರಿಕೆಟ್ ಆಡಲು ಬ್ಯಾಟು, ಚೆಂಡು, ಹನ್ನೊಂದು ಜನ ಬೇಕು ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಕಡೆ ಇವೆಲ್ಲಕ್ಕಿಂತ ಮೊದಲು ಮ್ಯಾಟ್ ಬೇಕಾಗಿತ್ತು. ನಮ್ಮದು ಎರೆಭೂಮಿ. ಮಳೆ ಬಿದ್ದರೆ ಕಾಲು ಬಿಡದು, ಬಿಸಿಲು ಬಿದ್ದರೆ ಕೈ ಇಳಿಯುವಷ್ಟು ಬಿರಿಯುವುದು. ಅಂಥ ನೆಲಕ್ಕೆ ಚೆಂಡು ಬಿತ್ತೆಂದರೆ ಅದು ಯಾವ ಕಡೆ ಏಳುತ್ತದೆ ಎಂಬುದು ಹಾಕಿದವನಿಗೂ ತಿಳಿಯದು. ಅದಕ್ಕೇ ಪಿಚ್ಚಿನ ಉದ್ದಕ್ಕೂ ತೆಂಗಿನ ನಾರಿನ ದಪ್ಪ ಚಾಪೆ ಹಾಸಿ, ಬಿಗಿಯಾಗಿ ಎಳೆದು, ಸುತ್ತಲೂ ಮೊಳೆ ಬಡಿದು ಆಡುತ್ತಿದ್ದೆವು. ಅದೇ ಮ್ಯಾಟ್.

ವಿಜಾಪುರ ಜಿಲ್ಲೆ ಒಡೆದು ಎರಡಾದ ಮೇಲಿನ ಮಾತಿದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕಿನ ತಂಡಗಳಿಗೆ ಸೇರಿ ಒಂದು ಕಮಿಟಿ ಇತ್ತು, ಕಮಿಟಿಗೆ ಒಂದೇ ಮ್ಯಾಟ್ ಇತ್ತು. ನಾನು ಬಾಗೇವಾಡಿಯ ಹೈಸ್ಕೂಲಿನಲ್ಲಿ ಮಾಸ್ತರ, ಜೊತೆಗೆ ಆ ಕಮಿಟಿಯ ಕಾರ್ಯದರ್ಶಿ. ಹುದ್ದೆಯ ಹೆಸರು ಕೇಳಿ ಮೋಸ ಹೋಗಬೇಡಿ. ಎಸ್‌ಟಿಡಿ ಬೂತಿನಲ್ಲಿ ನಿಂತು ಮೂರು ಊರಿಗೆ ಫೋನು ಹಚ್ಚುವುದು, ಅಂಪೈರ್ ಬರದಿದ್ದರೆ ನಾನೇ ಬಿಳಿ ಅಂಗಿ ತೊಟ್ಟು ನಿಲ್ಲುವುದು, ಸಂಜೆ ಎರಡೂ ತಂಡದವರಿಂದ ಬೈಸಿಕೊಂಡು ಮನೆಗೆ ಹೋಗುವುದು. ಒಂದೆರಡು ವರ್ಷ ಅದರಲ್ಲೂ ಒಂದು ಉಮೇದಿ ಇತ್ತು. ನಾನು ಹೇಳುತ್ತಿರುವ ಸೀಸನ್ನಿನ ಹೊತ್ತಿಗೆ ಆ ಉಮೇದಿ ತಳ ಕಂಡಿತ್ತು. ಭಾನುವಾರ ಬಂತೆಂದರೆ ಮೈ ಭಾರ.

ಮ್ಯಾಟ್ ಹೊರುವುದು ಯಾರು ಎಂಬುದೇ ನಮ್ಮ ಕಮಿಟಿಯ ಕಾಯಂ ಜಗಳ. ಸುತ್ತಿಟ್ಟರೆ ಅದು ಮಲಗಿದ ಎಮ್ಮೆಯಂತೆ ಕಾಣುತ್ತಿತ್ತು. ಒಂದು ಮೀಟಿಂಗಿನಲ್ಲಿ ಚಹಾದ ಮೇಲೆ ಚಹಾ ಆಗಿ, ಅಧ್ಯಕ್ಷರು ಗಡಿಯಾರ ನೋಡತೊಡಗಿದಾಗ, ಸಿಂದಗಿಯ ಹಿರಿಯ ಸದಸ್ಯರೊಬ್ಬರು ಫೈಸಲಾ ಮಾಡಿದರು.

"ಸೋತಾಂವ ಹೊರ್ಲಿ. ಗೆದ್ದಾಂವ ಕುಣ್ಕೋಂತ ಹೋಗ್ತಾನ, ಅವನ ಕೈಯಾಗ ಕೊಟ್ರ ನಡಬರಕ ಒಗದ ಹೋಗ್ತಾನ. ಸೋತಾಂವ ಹೆಂಗೂ ತಲಿ ತಗ್ಗಿಸಿರ್ತಾನ, ತಲಿ ಮ್ಯಾಲೆ ಮ್ಯಾಟ್ ಇಟ್ರ ಗೊತ್ತಾಗಂಗಿಲ್ಲ."

ಎಲ್ಲರೂ ನಕ್ಕರು. ನಕ್ಕದ್ದೇ ಠರಾವು ಆಯಿತು. ಅಂದಿನಿಂದ ಸೋತ ತಂಡ ಮುಂದಿನ ಪಂದ್ಯದ ಊರಿಗೆ ಮ್ಯಾಟ್ ಮುಟ್ಟಿಸಬೇಕು. ಇದರಿಂದ ಆಟಕ್ಕೆ ಒಂದು ಹೊಸ ಕಳೆಯೂ ಬಂತೆನ್ನಿ. ಎಂಟನೆಯ ವಿಕೆಟ್ ಬಿದ್ದಾಗ ಮರದ ನೆರಳಿನಿಂದ ಕೂಗು ಏಳುತ್ತಿತ್ತು: "ಲೇ, ನಿಂದರ್ರಲೇ! ಮ್ಯಾಟ್ ಐತಿ, ಮ್ಯಾಟ್!" ಬಸ್ಸಿನ ಮೇಲೆ ಏರಿಸುವಾಗ ಕಂಡಕ್ಟರ್ ಜೊತೆ ವಾದ ತಪ್ಪುತ್ತಿರಲಿಲ್ಲ. "ಇದೇನ್ ಹೆಣಾ ಏನ್ರಿ?" ಎಂದು ಒಬ್ಬ ಕೇಳಿದ. "ಹೆಣಾ ಆಗಿದ್ರ ನಾಕ ಮಂದಿಗೆ ಮುಗೀತಿತ್ರಿ. ಇದಕ್ಕ ಎಂಟ ಮಂದಿ ಬೇಕು, ನೀವೂ ಒಂದ ಕೈ ಹಚ್ಚರಿ," ಎಂದ ನಮ್ಮ ಹುಡುಗ.

ಆ ಸೀಸನ್ನಿನಲ್ಲಿ ಮುದ್ದೇಬಿಹಾಳದ ತಂಡಕ್ಕೆ ಒಬ್ಬ ಲೆಗ್ ಸ್ಪಿನ್ನರ್ ಇದ್ದ. ಅಲ್ಲಿಯ ಬಜಾರಿನಲ್ಲಿ ಅವರದು ಬಟ್ಟೆ ಅಂಗಡಿ. ತಂದೆ ಇಲ್ಲ, ಅಣ್ಣನೇ ಅಂಗಡಿಯನ್ನೂ ಮನೆಯನ್ನೂ ನಡೆಸುತ್ತಿದ್ದ. ಹುಡುಗ ಚೆಂಡು ಬಿಟ್ಟರೆ ಅದು ಗಾಳಿಯಲ್ಲಿ ಒಂದು ಗಳಿಗೆ ಯೋಚನೆ ಮಾಡುತ್ತಿತ್ತು, ಮ್ಯಾಟಿಗೆ ಬಿದ್ದ ಕೂಡಲೇ ಹಾವಿನಂತೆ ಹೊರಳಿ ಏಳುತ್ತಿತ್ತು. ಆ ತಿರುವನ್ನು ನೋಡುವಾಗ ಮಾತ್ರ ನನ್ನ ದಣಿವು ಮರೆಯುತ್ತಿತ್ತು. ಸೀಸನ್ ಶುರುವಾಗುವ ಮೊದಲು ಅವನ ಅಣ್ಣ ನನ್ನನ್ನು ಅಂಗಡಿಯಲ್ಲಿ ಕೂರಿಸಿ, ಸೋಡಾ ತರಿಸಿ, ಸ್ಪಷ್ಟವಾಗಿ ಹೇಳಿದ್ದ.

"ಸರ, ತಾಳಿಕೋಟ್ಯಾಗ ಎರಡನೇ ಅಂಗಡಿ ಹಚ್ಚಾಕತ್ತೇನಿ. ಕುಂದ್ರಾಕ ಮನೀ ಮನಷ್ಯಾ ಬೇಕು. ಈ ಸೀಸನ್ ಆಡ್ಲಿ. ಜಿಲ್ಲಾ ಟೀಮಿನ್ಯಾಗ ಹೆಸರ ಬಂದ್ರ ನಾ ಬಾಯಿ ತೆಗ್ಯಾಂಗಿಲ್ಲ, ಎಷ್ಟ ವರ್ಷ ಆಡ್ತಾನ ಆಡ್ಲಿ. ಬರ್ಲಿಲ್ಲಂದ್ರ ತಾಳಿಕೋಟಿ ಅಂಗಡಿ ಕೀಲಿ ಅವನ ಕೈಗೆ."

ತಮ್ಮ ಪಕ್ಕದಲ್ಲೇ ಬಟ್ಟೆಯ ಥಾನು ಮಡಚುತ್ತಿದ್ದ. "ಆಗ್ಲಿ ಭಾಯಿ," ಎಂದ. ಅಷ್ಟೇ.

ಜಿಲ್ಲಾ ತಂಡಕ್ಕೆ ಹುಡುಗರನ್ನು ಆರಿಸುವ ಹಿರಿಯರೊಬ್ಬರು ವಿಜಾಪುರದಲ್ಲಿದ್ದರು. ಒಂದು ಕಾಲಕ್ಕೆ ಸ್ವತಃ ಒಳ್ಳೆ ಆಟಗಾರರು, ಮೊಣಕಾಲು ಹಿಡಿದ ಮೇಲೆ ಆರಿಸುವವರಾದವರು. ತಾಲ್ಲೂಕಿನ ಪಂದ್ಯಗಳಿಗೆ ಅವರು ಬರುವುದೇ ಅಪರೂಪ. ನಾನು ಬೆನ್ನು ಹತ್ತಿ ಹತ್ತಿ, ಕೊನೆಯ ಪಂದ್ಯಕ್ಕೆ ಬರುತ್ತೇನೆ ಎನ್ನಿಸಿಕೊಂಡಿದ್ದೆ. ಬಾಗೇವಾಡಿಯಲ್ಲಿ, ನಮ್ಮ ಹೈಸ್ಕೂಲ್ ಮೈದಾನದಲ್ಲಿ, ಮುದ್ದೇಬಿಹಾಳಕ್ಕೂ ನಮಗೂ. ಆ ಭಾನುವಾರ ತಪ್ಪಿದರೆ ಮತ್ತೆ ದಿನ ಇರಲಿಲ್ಲ. ಮರುದಿನದಿಂದ ಪರೀಕ್ಷೆ, ಮೈದಾನ ಬಂದ್. ಅದೇ ವಾರ ಅವರು ಹೆಸರುಗಳನ್ನು ಹೇಳಿ ಮುಗಿಸುವವರಿದ್ದರು.

ಅದಕ್ಕಿಂತ ಹಿಂದಿನ ಪಂದ್ಯ ಇಂಡಿಯಲ್ಲಿ ನಡೆದಿತ್ತು. ಇಂಡಿಯವರು ಸಿಂದಗಿಗೆ ಸೋತರು. ಮ್ಯಾಟ್ ಅವರ ತಲೆಗೆ ಬಂತು. ಅವರ ಕ್ಯಾಪ್ಟನ್ ತಾಂಬಾದ ರೈತರ ಮಗ. "ನಮ್ಮ ಟ್ರ್ಯಾಕ್ಟರ್ ಬಂದೈತಿ ಸರ, ಊರಿಗೆ ಒಯ್ದ ಇಡ್ತೇನಿ, ಶುಕ್ರವಾರ ಬಸ್ಸಿಗೆ ಹಾಕ್ತೇನಿ," ಎಂದಿದ್ದ. ಶುಕ್ರವಾರ ಸಂಜೆಯವರೆಗೆ ನಾನು ಬಸ್ ಸ್ಟ್ಯಾಂಡಿನಲ್ಲಿ ಕಾದೆ. ಬಸ್ಸುಗಳು ಬಂದವು, ಮ್ಯಾಟ್ ಬರಲಿಲ್ಲ. ಶನಿವಾರ ಮುಂಜಾನೆಯ ಸಾಲಿ ಬಿಟ್ಟವನೇ ವಿಜಾಪುರದ ಬಸ್ ಹತ್ತಿದೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ತಾಂಬಾದಲ್ಲಿ ಇಳಿದೆ.

ಕ್ಯಾಪ್ಟನ್ ನನ್ನನ್ನು ದೂರದಿಂದಲೇ ಕಂಡು ಎತ್ತಿನ ಮರೆಗೆ ಸರಿದ. ಅವನ ತಂದೆ ಕಣದಲ್ಲಿದ್ದರು. ನಾನು ಚಪ್ಪಲಿ ಬಿಟ್ಟು ಕಣಕ್ಕೆ ಕಾಲಿಟ್ಟೆ. ನಡುವೆ ಬಿಳಿಜೋಳದ ರಾಶಿ, ಕಣ್ಣು ತುಂಬುವಂಥದ್ದು. ನೆತ್ತಿಯ ಮೇಲೆ ಸಗಣಿಯ ಬೆನಕ, ಅದಕ್ಕೊಂದು ಹೂವು. ರಾಶಿಯ ಕೆಳಗೆ ತಾಡಪತ್ರಿ. ತಾಡಪತ್ರಿಯ ಅಂಚಿನ ಕೆಳಗೆ, ಮೂರು ಪದರು ಮಡಚಿದ, ಕಂದು ಬಣ್ಣದ, ನನಗೆ ಬಹಳ ಪರಿಚಯವಿದ್ದ ಒಂದು ನಾರಿನ ತುದಿ.

"ಕಾಕಾರ," ಎಂದೆ, "ಇದು ನಮ್ಮ ಮ್ಯಾಟ್ ಅಲ್ರಿ?"

"ಹೌದ್ರಿ ಮಾಸ್ತರ. ನಡಬರಕ ಒಂದ ಅಡ್ಡ ಮಳಿ ಆತಲ್ರಿ, ಕಣಾ ಹಸಿ ಆಗಿತ್ತು. ರಾಶಿ ಮಾಡು ಮಶೀನಿನಾಂವ ಅವತ್ತ ಬಂದ, ಮತ್ತ ಸಿಗಾಂವಲ್ಲ. ಜ್ವಾಳಕ್ಕ ತಂಪ ಹಿಡದ್ರ ಕೆಟ್ಟ ಹೋಗ್ತೈತಿ. ಮನ್ಯಾಗ ಇದು ಬಿದ್ದಿತ್ತು. ಭಾಳ ಛಲೋ ಚಾಪಿ ಐತಿ ನೋಡ್ರಿ, ಒಂದ ಹನಿ ಮ್ಯಾಲೆ ಬಂದಿಲ್ಲ."

"ನಾಳೆ ಮ್ಯಾಚ್ ಐತಿರಿ."

"ಅಂದಾನ ನಮ್ಮಾಂವ. ಏನ್ ಮಾಡೂದ್ರಿ, ಪೂಜಾ ಆಗೇತಿ. ಇವತ್ತ ಅಮಾಸಿ. ನಾಳೆ ಪಾಡ್ಯ, ಎರಡೂ ದಿನ ಅಳ್ಯಾಂಗಿಲ್ಲ. ಸೋಮಾರ ಮುಂಜಾನೆ ಅಳದ ಮ್ಯಾಲೆನ ರಾಶಿ ಎಬ್ಬಸೂದು. ನಾನ ಟ್ರ್ಯಾಕ್ಟರಿಗೆ ಹಾಕಿ ಕಳಸ್ತೇನಿ, ನೀವು ಕಾಳಜಿ ಮಾಡಬ್ಯಾಡ್ರಿ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೂಜೆಯಾದ ರಾಶಿಯನ್ನು ಒಳ್ಳೆಯ ದಿನ ನೋಡಿ ಅಳೆಯುವ ಮೊದಲು ಯಾರೂ ಕದಲಿಸುವುದಿಲ್ಲ. ಕದಲಿಸಿದರೆ ಹುಲುಸು ಹೋಗುತ್ತದೆ ಎಂಬ ನಂಬಿಕೆ. ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುವ ಜನ ನಾವು. ನನ್ನ ಅಜ್ಜಿ ಇದ್ದಳು, ನನಗೆ ಇದನ್ನೆಲ್ಲ ಕಲಿಸಿದವಳು ಅವಳೇ. ಪೂಜೆಯಾದ ರಾಶಿಯ ಹತ್ತಿರ ನಾವು ಮಕ್ಕಳು ಜೋರಾಗಿ ಸೀನಿದರೂ ಗದರುತ್ತಿದ್ದಳು. ಅವಳ ಮೊಮ್ಮಗನಾಗಿ ನಾನು ಆ ಮುದುಕರಿಗೆ ರಾಶಿ ಸರಿಸಿರಿ ಎಂದು ಹೇಗೆ ಹೇಳಲಿ? ಆದರೂ ಆ ಹುಡುಗನ ಮುಖ ಕಣ್ಣ ಮುಂದೆ ಬಂತು. ಒಂದು ಸಲ ಬಾಯಿ ತೆರೆದೆ.

"ಒಂದ ಬಾಜೂ ಎತ್ತಿ ಎಳಕೊಳ್ಳಾಕ ಬರೂದಿಲ್ಲೇನ್ರಿ?"

ಮುದುಕರು ಸಿಟ್ಟಾಗಲಿಲ್ಲ. ನನ್ನ ಕಡೆ ನೋಡಿದರು, ರಾಶಿಯ ಕಡೆ ನೋಡಿದರು. "ನಿಮ್ಮ ಮನ್ಯಾಗಿನ ರಾಶಿ ಆಗಿದ್ರ ಎಳೀತಿದ್ರೇನ್ ಮಾಸ್ತರ?"

ನಾನು ಚಪ್ಪಲಿಯ ಕಡೆ ತಿರುಗಿದೆ. "ಬರ್ರಿ, ಉಂಡ ಹೋಗ್ರಿ," ಎಂದು ಅವರು ಒಳಗೆ ಕರೆದರು. ಬಿಸಿ ರೊಟ್ಟಿ, ಮುಳಗಾಯಿ ಪಲ್ಯ, ಗಟ್ಟಿ ಮೊಸರು. ಉಣ್ಣುವಾಗಲೂ ಮಗ ಎದುರಿಗೆ ಬರಲಿಲ್ಲ. ಮುದುಕರು ಮಾತಿಗೆ ತಪ್ಪಿದವರಲ್ಲ. ಸೋಮವಾರ ಮಧ್ಯಾಹ್ನ ಮ್ಯಾಟ್ ಟ್ರ್ಯಾಕ್ಟರಿನಲ್ಲಿ ಬಂದೇ ಬಂತು, ಮೇಲೊಂದು ಚೀಲ ಹೊಸ ಜೋಳದ ಸಮೇತ. ಆದರೆ ಸೋಮವಾರ ಮೈದಾನದಲ್ಲಿ ಮಕ್ಕಳು ಪರೀಕ್ಷೆಗೆ ಸಾಲು ಹಚ್ಚಿ ನಿಂತಿದ್ದರು.

ಶನಿವಾರ ಸಂಜೆ ನಾನು ಬಾಗೇವಾಡಿಗೆ ಮರಳುವಷ್ಟರಲ್ಲಿ ನಮ್ಮ ಹುಡುಗರಿಗೆ ಸುದ್ದಿ ಮುಟ್ಟಿತ್ತು. ಅವರು ಸುಮ್ಮನೆ ಕೂತಿರಲಿಲ್ಲ. ಬಾವಿಯಿಂದ ನೀರು ಹೊತ್ತು ಪಿಚ್ಚಿಗೆ ಸುರುವಿ, ಹಿಂದೆ ಒಕ್ಕಲು ಮಾಡಲು ಬಳಸುತ್ತಿದ್ದ ರೋಣಗಲ್ಲನ್ನು ಯಾರದೋ ಹಿತ್ತಲಿನಿಂದ ಉರುಳಿಸಿ ತಂದು ಎಳೆಯುತ್ತಿದ್ದರು. ನೆಲ ಕನ್ನಡಿಯಂತೆ ಮಿಂಚುತ್ತಿತ್ತು. ಎರೆಮಣ್ಣಿಗೆ ನೀರು ಹಾಕಿ ಒಣಗಿಸಿದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಎಳೆಯುತ್ತಲೇ ಇದ್ದರು.

ಭಾನುವಾರ ಬಿಸಿಲೇರಿದಂತೆ ಕನ್ನಡಿ ಒಡೆಯಿತು. ಮುದ್ದೇಬಿಹಾಳದವರು ಹೂವಿನ ಹಿಪ್ಪರಗಿಯ ಮೇಲಿಂದ ಬರುವ ಬಸ್ಸಿನಲ್ಲಿ ಬಂದಿಳಿದರು, ಜೊತೆಗೆ ಅಣ್ಣನೂ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ವಿಜಾಪುರದ ಹಿರಿಯರು ಛತ್ರಿ ಊರಿಕೊಂಡು ಬಂದು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡರು. ಪಿಚ್ಚಿನ ಕಡೆ ನೋಡಿ, "ಮ್ಯಾಟ್ ಎಲ್ಲೈತ್ರಿ?" ಎಂದರು. ಹೇಳಿದೆ. ಅವರು ನಗಲಿಲ್ಲ. ಅವರೂ ರೈತರ ಮನೆಯವರೇ.

ಅಂಪೈರ್ ಬಂದಿರಲಿಲ್ಲ, ನಾನೇ ನಿಂತೆ. ನಮ್ಮವರು ಮೊದಲು ಬ್ಯಾಟ್ ಮಾಡಿದರು. ಸ್ವಲ್ಪ ಹೊತ್ತಿಗೆ ಹುಡುಗನ ಕೈಗೆ ಚೆಂಡು ಕೊಟ್ಟರು. ಮೊದಲನೆಯದು ಗಾಳಿಯಲ್ಲಿ ಎಂದಿನಂತೆ ಚಂದವಾಗಿ ತೇಲಿ ಬಂತು, ಬಿರುಕಿನ ಅಂಚಿಗೆ ಬಡಿದು, ಗೊಳಸಂಗಿಯಿಂದ ಬಂದು ನಮ್ಮ ತಂಡಕ್ಕೆ ಆಡುತ್ತಿದ್ದ ಹುಡುಗನ ಭುಜಕ್ಕೆ ಹೊಡೆಯಿತು. ಮುಂದಿನದು ನೆಲಬಿಟ್ಟು ಏಳಲೇ ಇಲ್ಲ. ಇಲಿಯಂತೆ ಓಡಿ ಸ್ಟಂಪಿನ ಬುಡಕ್ಕೆ ನುಗ್ಗಿತು. ಮುದ್ದೇಬಿಹಾಳದವರು ಕುಣಿದರು. ಅಣ್ಣ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅಲ್ಲಿಂದ ಮುಂದೆ ಒಬ್ಬರ ಹಿಂದೆ ಒಬ್ಬರು. ಊಟದ ಹೊತ್ತಿಗಿಂತ ಮೊದಲೇ ನಮ್ಮವರೆಲ್ಲ ನೆರಳಿಗೆ ಬಂದಿದ್ದರು, ಬಹುಪಾಲು ಅವನೇ ಕಳಿಸಿದವರು.

ಅವನು ಮಾತ್ರ ಒಂದು ಸಲವೂ ಕೈ ಎತ್ತಲಿಲ್ಲ. ಓವರಿನ ನಡುವೆ ಅವರ ಕ್ಯಾಪ್ಟನ್ ಬಂದು ಬೆನ್ನು ತಟ್ಟಿ ಹೇಳಿದ್ದು ನನಗೆ ಕೇಳಿಸಿತು.

"ಲೇ, ಮಾರಿ ಯಾಕ ಹಂಗ ಮಾಡೀದಿ? ಅವರನ್ನ ಮನಿಗೆ ಅಟ್ಟಾಕತ್ತೀದಿ, ನಗಲೇ!"

"ನಾ ಎಲ್ಲಿ ಅಟ್ಟಾಕತ್ತೇನಿ? ಬಿರುಕ ಅಟ್ಟಾಕತ್ತಾವ."

ಮಧ್ಯಾಹ್ನ ಅವರು ಕುಂಟುತ್ತಾ ತೆವಳುತ್ತಾ ಗೆದ್ದರು. ಯಾರಿಗೂ ಆಡಿದ ಖುಷಿ ಇರಲಿಲ್ಲ. ಏಟು ತಿಂದವರೇ ಎರಡೂ ಕಡೆ. ನಾನು ಬೇವಿನ ಮರದ ಕೆಳಗೆ ಹೋದೆ. ಹಿರಿಯರು ಛತ್ರಿ ಮಡಚುತ್ತಿದ್ದರು.

"ಹುಡುಗನ್ನ ನೋಡಿದ್ರಿಲ್ರಿ?" ಎಂದೆ.

"ಮಾಸ್ತರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಈ ನೆಲದ ಮ್ಯಾಲೆ ನೀವ ಬಾಲ್ ಹಾಕಿದ್ರ ಎಷ್ಟ ಮಂದೀನ ತಗೀತಿದ್ರಿ?"

"ನಾನಾ? ಇಬ್ಬರನ್ನರ ತಗೀತಿದ್ನೇನೋ."

"ಅದ ನೋಡ್ರಿ. ನೀವ ಇಬ್ಬರನ್ನ ತಗೀತೀರಿ ಅಂದ ಮ್ಯಾಲೆ ನಾ ವಿಜಾಪುರಕ್ಕ ಹೋಗಿ ಏನಂತ ಹೇಳ್ಲಿ?"

"ಗಾಳ್ಯಾಗ ಚೆಂಡ ತೇಲೂದು ನೋಡಿದ್ರಿ..."

"ನೋಡೇನಿ. ಛಲೋ ತೇಲಸ್ತಾನ. ನೆಲಕ್ಕ ಬಿದ್ದ ಮ್ಯಾಲೆ ಅವನ ಕೈ ಎಷ್ಟ, ನೆಲದ್ದ ಎಷ್ಟ? ಹೆಂಗ ಬ್ಯಾರೆ ಮಾಡ್ಲಿ? ನಮ್ಮ ಸಿಟಿಯಾಗಿನ ಇನ್ನೊಬ್ಬ ಸ್ಪಿನ್ನರನ್ನ ನಾಕ ಮ್ಯಾಚ್ ಮ್ಯಾಟಿನ ಮ್ಯಾಲೆ ನೋಡೇನಿ. ಇರೂದ ಒಂದ ಜಾಗಾ. ಮುಂದಿನ ವರ್ಷ ಕರಿರಿ, ಖರೇ ಬರ್ತೇನಿ."

ಹುಡುಗ ಎರಡು ಮಾರು ದೂರದಲ್ಲಿ ಬೂಟಿನ ಲೇಸು ಬಿಚ್ಚುತ್ತಿದ್ದ. ಎಲ್ಲ ಕೇಳಿಸಿಕೊಂಡ. ಹಿರಿಯರು ಹೋಗುವಾಗ ಎದ್ದು ನಿಂತು ಸಲಾಮು ಮಾಡಿದ. ಅವರು ಅವನ ಬಲಗೈ ಹಿಡಿದು ಬೆರಳುಗಳನ್ನು ಒಂದು ಸಲ ಅದುಮಿ ನೋಡಿದರು, ಎತ್ತು ಕೊಳ್ಳುವವರು ಹೆಗಲು ಮುಟ್ಟಿ ನೋಡುವ ಹಾಗೆ. ನಂತರ ಬಿಟ್ಟರು.

ಸಂಜೆ ಅವರನ್ನು ಕಳಿಸಲು ಬಸ್ ಸ್ಟ್ಯಾಂಡಿಗೆ ಹೋದೆ. ಹೋಗಬೇಕಿರಲಿಲ್ಲ, ಕಾಲುಗಳು ಬೇಡ ಎನ್ನುತ್ತಿದ್ದವು. ತಂಡದವರು ಭಜಿ ತಿನ್ನುತ್ತ ನಿಂತಿದ್ದರು. ಅಣ್ಣ ನನ್ನನ್ನು ಪಕ್ಕಕ್ಕೆ ಕರೆದ. ಇಸ್ತ್ರಿಯ ಅಂಗಿ ಬೆವರಿಗೆ ಮೈಗೆ ಹತ್ತಿತ್ತು.

"ಸರ, ನಾ ಆಟ ತಿಳದಾಂವ ಅಲ್ಲ. ಬಟ್ಟಿ ಮಾರಾಂವ. ಇಷ್ಟ ಮಂದೀನ ಔಟ್ ಮಾಡಿದ ಮ್ಯಾಲೂ ಆಗಂಗಿಲ್ಲ ಅಂದ್ರ, ಇನ್ನೇನ ಮಾಡಬೇಕಾಗಿತ್ರಿ ಅಂವಾ?"

ಅಮಾವಾಸ್ಯೆ, ಪಾಡ್ಯ, ಹಸಿ ಕಣ, ಬಿರುಕು, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿ ಇದ್ದವು. ತಪ್ಪು ಮಾಡಿದವರು ಯಾರೂ ಸಿಗದಿದ್ದಾಗ ಉತ್ತರ ಕೊಡುವುದು ಬಹಳ ಕಷ್ಟ.

"ಇನ್ನೊಂದ ವರ್ಷ ಬಿಡ್ಲೇನ್ರಿ?" ಎಂದು ಅಣ್ಣನೇ ಮೆಲ್ಲಗೆ ಕೇಳಿದ. ಕೊಟ್ಟ ಮಾತನ್ನು ತಾನೇ ಸಡಿಲಿಸಲು ಹೊರಟವನ ದನಿ ಅದು. ನಾನು ಬಿಡ್ರಿ ಎನ್ನಲು ಹೊರಟೆ. ಅಷ್ಟರಲ್ಲಿ ತಮ್ಮ ಬಂದು ನಮ್ಮಿಬ್ಬರ ನಡುವೆ ನಿಂತ.

"ಬ್ಯಾಡ ಭಾಯಿ. ಮುಂದಿನ ವರ್ಷ ಮಳಿ ಆಗ್ತೈತಿ, ಇಲ್ಲಾ ಬಸ್ ಕೆಡ್ತೈತಿ, ಇಲ್ಲಾ ಸಾಹೇಬ್ರ ಮೊಣಕಾಲ ಹಿಡಕೋತೈತಿ. ಎಷ್ಟ ಅಂತ ಕಾಯೂದು? ನಾಳೆ ತಾಳಿಕೋಟಿಗೆ ಹೋಗೂಣು. ಅಂಗಡಿ ನೆಲಕ್ಕ ಫರಸಿ ಹಾಕಾವರು ಬರ್ತಾರ, ನೋಡಾವರ ಯಾರರ ಬೇಕಲ್ಲ." ನಂತರ ನನ್ನ ಕಡೆ ತಿರುಗಿ, "ನೀವೂ ಸ್ವಲ್ಪ ಕುಂದರ್ರಿ ಸರ, ಮುಂಜಾನಿಂದ ನಿಂತೀರಿ," ಎಂದ.

ಬಸ್ ಬಂತು. ನೂಕುನುಗ್ಗಲಿನಲ್ಲಿ ಅಣ್ಣ ಮೊದಲು ಹತ್ತಿ ಕಿಟಕಿಯ ಸೀಟಿಗೆ ಟವೆಲ್ ಹಾಕಿ ಹಿಡಿದ, ತಾನು ಒಳಗೆ ಸರಿದು ತಮ್ಮನಿಗೆ ಆ ಜಾಗ ಬಿಟ್ಟ. ನಾನು ಕೈ ಬೀಸಬೇಕೆಂದು ಕಿಟಕಿಯ ಕೆಳಗೆ ಹೋಗಿ ನಿಂತೆ. ಕಂಡಕ್ಟರ್ ಇನ್ನೂ ಕೆಳಗೆ ಚಹಾ ಕುಡಿಯುತ್ತಿದ್ದ. ಹುಡುಗ ಆಗಲೇ ಸರಳಿಗೆ ತಲೆ ಒರಗಿಸಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಅಣ್ಣ ನನ್ನನ್ನು ಕಂಡು, ಎಬ್ಬಿಸಬೇಡಿ ಎಂಬಂತೆ ತುಟಿಯ ಮೇಲೆ ಬೆರಳಿಟ್ಟ.